ಅತ್ಯಾ ಹಲ್ಲುಜ್ಜದ ದಿನಗಳು

ನನಗೆ ಸಿಟ್ಟು ಮೊದಲು ಬರುತ್ತದೆ, ಕಾರಣ ಆಮೇಲೆ ಬರುತ್ತದೆ. ಕೆಲವು ಸಲ ಕಾರಣ ಬರುವುದೇ ಇಲ್ಲ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದರೆ ಯಾರಿಗಾದರೂ ಹೀಗಾಗುತ್ತದೆ ಎಂದು ನಾನು ಹೇಳುತ್ತೇನೆ. ಹುಟ್ಟುಗುಣ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆ ದಿನ ಬೆಳಿಗ್ಗೆ ಸಿಟ್ಟು ಬಂದದ್ದು ವಾಡಿಯಲ್ಲಿರುವ ನನ್ನ ತಮ್ಮನ ಮೇಲೆ. ಅವನು ರೈಲ್ವೆಯಲ್ಲಿದ್ದಾನೆ. ಒಂದು ಗಾಡಿ ಹೋಗಿ ಇನ್ನೊಂದು ಬರುವುದರೊಳಗೆ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಲೋಕದ ರೋಗಗಳನ್ನೆಲ್ಲ ಒಂದೊಂದಾಗಿ ಕಳಿಸುತ್ತಾನೆ. ಅವತ್ತಿನ ಪಾಳಿ ಒಸಡಿನ ರೋಗದ್ದು. ಒಸಡು ಕೆಟ್ಟವರ ಬಾಯಲ್ಲಿ ಬೆಳೆಯುವ ಕ್ರಿಮಿ ರಕ್ತ ಸೇರಿ ಮಿದುಳಿಗೆ ಹೋಗುತ್ತದಂತೆ, ಮುಪ್ಪಿನ ಮರೆವಿನ ರೋಗಕ್ಕೂ ಅದಕ್ಕೂ ನಂಟಿದೆಯಂತೆ, ಆದ್ದರಿಂದ ಎರಡು ಹೊತ್ತು ಹಲ್ಲುಜ್ಜಬೇಕಂತೆ. ಕೆಳಗೆ ಒಂದು ಕೈಮುಗಿದ ಚಿತ್ರ.

ಅದನ್ನು ಓದುವಾಗ ನನ್ನ ಬಾಯಲ್ಲಿ ಬ್ರಶ್ಶಿತ್ತು. ಉಗುಳಿದೆ. ನೊರೆ ಗುಲಾಬಿ ಬಣ್ಣಕ್ಕಿತ್ತು. ಎಷ್ಟೋ ವರ್ಷದಿಂದ ಗುಲಾಬಿ ಬಣ್ಣಕ್ಕೇ ಇತ್ತು, ಪೇಸ್ಟಿನ ಬಣ್ಣವೇ ಹಾಗೆ ಎಂದುಕೊಂಡು ಸುಮ್ಮನಿದ್ದೆ. ಈಗ ನೋಡಿದರೆ ಪೇಸ್ಟು ಬಿಳಿ, ಗುಲಾಬಿ ಬಣ್ಣ ಒಸಡಿನ ರಕ್ತದ್ದು. ಅಲ್ಲೇ ನಿಂತು ನನ್ನ ನೆನಪನ್ನು ಪರೀಕ್ಷೆ ಮಾಡಿಕೊಂಡೆ. ಸೇಡಂನಿಂದ ವಾಡಿಯವರೆಗೆ ಯಾವ ಯಾವ ಸ್ಟೇಷನ್ನು? ಮಳಖೇಡ ರೋಡ್ ಬಂತು, ಚಿತ್ತಾಪುರ ಬಂತು, ಅದರ ಮುಂದಿನದು ಏನು ಮಾಡಿದರೂ ಬರಲೊಲ್ಲದು. ನಾನು ದಿನಾ ಚಿತ್ತಾಪುರದಲ್ಲಿ ಇಳಿದು ಶಾಲೆಗೆ ಹೋಗುವವನು, ಅದರಾಚೆಯ ಸ್ಟೇಷನ್ನು ನನಗೆ ಮೊದಲಿನಿಂದಲೂ ಗೊತ್ತಿರಲಿಲ್ಲ ಎಂಬುದು ಮಧ್ಯಾಹ್ನ ಹೊಳೆಯಿತು. ಅಷ್ಟರಲ್ಲಿ ಅರ್ಧ ದಿನ ಬೆವತಾಗಿತ್ತು.

ಹೆಂಡತಿಯನ್ನು ಕೇಳಿದೆ. "ನಾ ಇತ್ತೀಚಿಗಿ ಭಾಳ ಮರೀಲಿಕತ್ತೀನೇನು?"

"ಇತ್ತೀಚಿಗಿ?" ಎಂದಳು ಅವಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ಲಗ್ನ ಆದ ಮರುವಾರ ನನ್ನ ತವರುಮನ್ಯಾಗ ಬಿಟ್ಟು ನೀವೊಬ್ಬರೇ ಬಸ್ ಹತ್ತಿ ಬಂದಿದ್ರಲ್ರಿ, ಆವಾಗ ಯಾವ ಕ್ರಿಮಿ ಹೊಕ್ಕಿತ್ತು?"

ನನ್ನ ಮರೆವಿಗೆ ಒಸಡು ಕಾರಣವಲ್ಲ ಎಂದು ಹೀಗೆ ಸಾಬೀತಾಯಿತು. ಆದರೆ ಹೆದರಿಕೆ ಹೋಗಲಿಲ್ಲ, ಜಾಗ ಬದಲಿಸಿತು. ಯಾಕೆಂದರೆ ನಮ್ಮ ಮನೆತನದ ನೆನಪು ಇರುವುದು ನನ್ನ ತಲೆಯಲ್ಲಿ ಅಲ್ಲ, ಅತ್ಯಾನ ತಲೆಯಲ್ಲಿ. ಅತ್ಯಾನ ಒಸಡೋ, ದೇವರಿಗೇ ಪ್ರೀತಿ.

ಅತ್ಯಾ ಎಂದರೆ ನಮ್ಮಪ್ಪನ ಅಕ್ಕ. ಎಂಬತ್ತು ದಾಟಿದ್ದಾಳೆ. ಚಿಂಚೋಳಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಸೇಡಂಗೆ, ನಮ್ಮ ಮನೆಗೆ ಬಂದಳು. ನಾನಾಗ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ಆ ಗುಂಡಿ ಹಾಕುತ್ತಿದ್ದವಳೂ ಅವಳೇ. ನಮ್ಮ ಬಳಗ ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂದು ಹರಿದು ಹಂಚಿಹೋಗಿದೆ. ಕೆಲವರು ಮೇಷ್ಟ್ರು, ಕೆಲವರು ಆಫೀಸಿನವರು, ಒಂದಿಬ್ಬರು ಗುಡಿಯ ಪೂಜೆಯವರು. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಆದರೆ ತಮ್ಮ ತಮ್ಮ ಅಪ್ಪ ಅಜ್ಜಂದಿರ ಶ್ರಾದ್ಧದ ತಿಥಿ ಯಾವುದು ಎಂದು ಒಬ್ಬರಿಗೂ ಗೊತ್ತಿಲ್ಲ. ಎಲ್ಲರೂ ಅತ್ಯಾಗೆ ಫೋನು ಮಾಡುತ್ತಾರೆ.

"ಅತ್ಯಾ, ನಮ್ಮಪ್ಪಂದು ಯಾವಾಗ ಬರ್ತದ?"

"ದನಿ ಚಲೋ ಕೇಳಾಕತ್ತದ, ಹೊಸಾ ಮೊಬೈಲ್ ತಗೊಂಡಿ ಏನು? ಹೆತ್ತಪ್ಪ ಯಾವತ್ತ ಹೋದ ಅಂತ ಮಾತ್ರ ಗೊತ್ತಿಲ್ಲ. ಕಾರ್ತಿಕ ವದ್ಯ ಸಪ್ತಮಿ. ಹೋದ ವರ್ಷನೂ ಕೇಳಿದ್ದಿ, ಅದರ ಹೋದ ವರ್ಷನೂ ಕೇಳಿದ್ದಿ."

ಬೈಸಿಕೊಂಡವನು ಸಂತೋಷದಿಂದ ಫೋನು ಇಡುತ್ತಿದ್ದ. ಅತ್ಯಾ ಅದಕ್ಕಿಂತ ಸಂತೋಷದಿಂದ ಕಾಲು ಚಾಚಿ ಕೂತು ಮುಂದಿನ ಫೋನಿಗೆ ಕಾಯುತ್ತಿದ್ದಳು. ಬಳಗದಲ್ಲಿ ಅವಳಿಗಿದ್ದ ದೊಡ್ಡಸ್ತಿಕೆ ಇದೊಂದೇ. ಇದು ಹೋದರೆ ಅವಳನ್ನು ಯಾರು ಕೇಳುತ್ತಾರೆ? ಇದೇ ನನ್ನ ಹೆದರಿಕೆಯಾಗಿತ್ತು.

ಇನ್ನು ಹಲ್ಲಿನ ವಿಷಯ. ನಮ್ಮಂಥ ವೈಷ್ಣವರ ಮನೆಗಳಲ್ಲಿ ಏಕಾದಶಿ, ಅಮಾವಾಸ್ಯೆ, ಶ್ರಾದ್ಧದ ದಿನ ಹಲ್ಲುಜ್ಜುವುದಿಲ್ಲ. ಹನ್ನೆರಡು ಸಲ ಬಾಯಿ ಮುಕ್ಕಳಿಸಿದರೆ ಆಯಿತು. ಹಿಂದೆ ಬೇವಿನ ಕಡ್ಡಿಯಿಂದ ಉಜ್ಜುತ್ತಿದ್ದಾಗಿನ ನಿಯಮ ಅದು. ಕಡ್ಡಿ ಹೋಯಿತು, ಹಲ್ಲುಪುಡಿ ಬಂತು, ಹಲ್ಲುಪುಡಿ ಹೋಗಿ ಪೇಸ್ಟು ಬಂತು, ನಿಯಮ ಮಾತ್ರ ಕದಲಲಿಲ್ಲ. ಉಳಿದವರು ಇದನ್ನು ತಮ್ಮ ಮನೆಯ ಶ್ರಾದ್ಧಕ್ಕೆ ಮಾತ್ರ ಪಾಲಿಸಿದರೆ, ಅತ್ಯಾ ಬಳಗದ ಅಷ್ಟೂ ಶ್ರಾದ್ಧಗಳಿಗೆ ಪಾಲಿಸುತ್ತಿದ್ದಳು. ಶಹಾಬಾದದ ಕಾಕಾ ಸತ್ತ ತಿಥಿಗೆ ಶಹಾಬಾದದ ಮಕ್ಕಳು ಗರಗರ ಹಲ್ಲುಜ್ಜಿಕೊಂಡು ಡ್ಯೂಟಿಗೆ ಹೋಗುತ್ತಿದ್ದರು, ಸೇಡಂನಲ್ಲಿ ಅತ್ಯಾ ಬ್ರಶ್ಶು ಮುಟ್ಟುತ್ತಿರಲಿಲ್ಲ. ಅವಳ ಗಂಡನ ಕಡೆಯವರು, ತಾಯಿಯ ಕಡೆಯವರು, ತಾಯಿಯ ತವರಿನವರು, ಯಾರದೋ ಬಾಣಂತನಕ್ಕೆ ಬಂದು ನಮ್ಮ ಮನೆಯಲ್ಲೇ ತೀರಿಕೊಂಡ ಒಬ್ಬ ಅಜ್ಜಿ, ಎಲ್ಲರಿಗೂ ಒಂದೊಂದು ದಿನ. ಪಿತೃಪಕ್ಷ ಬಂದರೆ ಹದಿನೈದು ದಿನವೂ ಅವಳ ಬ್ರಶ್ಶಿಗೆ ರಜೆ.

ನಾನು ಗಣಿತದವನಲ್ಲವೇ, ಕೂತು ಲೆಕ್ಕ ಹಾಕಿದೆ. ನೆತ್ತಿಗೆ ಸಿಟ್ಟೇರಿತು. ವರ್ಷದಲ್ಲಿ ಅತ್ಯಾ ಹಲ್ಲುಜ್ಜುವ ದಿನಗಳಿಗಿಂತ ಉಜ್ಜದ ದಿನಗಳೇ ಹೆಚ್ಚು. ಅದಕ್ಕಿಂತ ಭಯಂಕರವಾದದ್ದು ಇನ್ನೊಂದು. ಅವಳಿಗೆ ಹೆಚ್ಚು ಮಂದಿ ನೆನಪಿದ್ದಷ್ಟೂ ಹಲ್ಲುಜ್ಜುವುದು ಕಡಿಮೆ. ಹಲ್ಲುಜ್ಜುವುದು ಕಡಿಮೆಯಾದಷ್ಟೂ ಕ್ರಿಮಿ ಹೆಚ್ಚು. ಕ್ರಿಮಿ ಹೆಚ್ಚಾದಷ್ಟೂ ನೆನಪು ಕಡಿಮೆ. ನೆನಪು ಕಡಿಮೆಯಾದರೆ ಮತ್ತೆ ಹಲ್ಲುಜ್ಜುವುದು ಹೆಚ್ಚು! ಇಂಥ ಲೆಕ್ಕವನ್ನು ಯಾವ ಪರೀಕ್ಷೆಯಲ್ಲಿ ಕೊಟ್ಟರೂ ಮಕ್ಕಳು ಪೇಪರು ಹರಿದು ಎದ್ದು ಹೋಗುತ್ತಾರೆ.

"ಅತ್ಯಾ, ನಡಿ, ಹಲ್ಲಿನ ಡಾಕ್ಟರ ಹಂತ್ಯಾಕ ಹೋಗೋಣು" ಎಂದೆ.

"ಹಲ್ಲು ಬ್ಯಾನಿ ಇಲ್ಲ."

"ಬ್ಯಾನಿ ಹಲ್ಲಿಗಲ್ಲ, ಮಿದುಳಿಗಿ."

"ಮಿದುಳಿಗಿ ಬ್ಯಾನಿ ಇದ್ರ ಹಲ್ಲಿನ ಡಾಕ್ಟರ್ ಏನ್ ಮಾಡ್ತಾಳೋ? ನಿನಗ ಮೊದಲ ತೋರಸ್ಬೇಕು ಯಾರಿಗಿಯಾದ್ರೂ."

ಡಾಕ್ಟರ್ ಅಂದರೆ ಪಕ್ಕದ ಮನೆಯ ಹುಡುಗಿ. ಅವರಪ್ಪನದು ಬಜಾರದಲ್ಲಿ ಬಟ್ಟೆ ಅಂಗಡಿ. ಅವರ ಮನೆಯ ಗೋಡೆಗೂ ನಮ್ಮ ಮನೆಯ ಗೋಡೆಗೂ ನಡುವೆ ಒಂದು ಬೆಕ್ಕು ಹೋಗುವಷ್ಟು ಸಂದಿ. ಚಿಕ್ಕವಳಿದ್ದಾಗ ಅವಳು ನಮ್ಮ ಅಂಗಳದಲ್ಲೇ ಬೆಳೆದಳು. ಕಲಬುರಗಿಯಲ್ಲಿ ಓದಿ ಬಂದು ಸೇಡಂನಲ್ಲಿ ದವಾಖಾನೆ ಇಟ್ಟಿದ್ದಾಳೆ. ಅವಳನ್ನು ನೋಡುವ ಆಸೆಗೆ ಅತ್ಯಾ ಹೊರಟಳು, ಒಂದು ಷರತ್ತು ಹಾಕಿ.

"ಬರ್ರಿ ಅಜ್ಜಿ, ಬರ್ರಿ, ಕುಂದ್ರಿ" ಎಂದು ಡಾಕ್ಟರು ಕುರ್ಚಿ ತೋರಿಸಿದಳು. ಆ ಕುರ್ಚಿ ಹಿಂದಕ್ಕೆ ಮಲಗತೊಡಗಿದ ಕೂಡಲೇ ಅತ್ಯಾ ಅದರ ಎರಡೂ ಕೈ ಹಿಡಿದು ಕೂಗಿದಳು. "ನನ್ನ ಯಾಕ ಮಲಗಸಾಕತ್ತಿ? ಹಲ್ಲು ಕುಂತೇ ಅವ."

"ನನ್ನ ಹಾಲಹಲ್ಲಿಗಿ ದಾರ ಕಟ್ಟಿ ಬಾಗಲಾ ಧಡ್ ಅಂತ ಹಾಕಿದವ್ರು ಯಾರ್ರಿ ಅಜ್ಜಿ? ಈಗ ನನ್ನ ಪಾಳಿ. ಬಾಯಿ ತೆರೀರಿ."

"ತೆರೀತೀನಿ. ಆದ್ರ ಇವತ್ತ ಬಾಯಾಗ ಏನೂ ಹಾಕಂಗಿಲ್ಲ. ನೀ ದೂರಿಂದ ನೋಡು." ಇದೇ ಆ ಷರತ್ತು.

"ದೂರಿಂದ? ಎಷ್ಟು ದೂರಿಂದ್ರಿ?"

"ಅಲ್ಲಿ, ಆ ಪಂಖಾದ ಕೆಳಗ ನಿಂತು ನೋಡು."

ಡಾಕ್ಟರು ಫ್ಯಾನಿನ ಕೆಳಗೆ ನಿಂತು ಟಾರ್ಚು ಹಾಕಿ ನೋಡಿದಳು. ಅಲ್ಲಿಂದಲೇ ಅವಳ ಮುಖ ಸಣ್ಣದಾಯಿತು. "ಕೊನೀಗಿ ಯಾವಾಗ ಬ್ರಶ್ ಮಾಡೀರಿ ಅಜ್ಜಿ?"

"ತ್ರಯೋದಶಿಗಿ."

"ಅಂದ್ರ?"

"ಚತುರ್ದಶಿಗಿ ಶಹಾಬಾದದ ಕಾಕಂದು. ನಿನ್ನಿ ಅಮಾಸಿ. ಇವತ್ತ ಪಾಡ್ಯಾ, ನಮ್ಮ ಮಾವನೋರ್ದು. ನಾಳಿಗಿ ತಿಕ್ತೀನಿ."

ಡಾಕ್ಟರು ನನ್ನ ಕಡೆ ನೋಡಿದಳು. ನಾನು ಕೈ ಚೆಲ್ಲಿದೆ. ತಮ್ಮನ ಮೆಸೇಜು ತೆಗೆದು ತೋರಿಸಿದೆ. ಅವಳು ಓದಿ ನಕ್ಕಳು, ಆದರೆ ಪೂರ್ತಿ ನಗಲಿಲ್ಲ.

"ಇದರಾಗ ಬರ್ದಂಗ ಅಷ್ಟ ಸೀದಾ ಇಲ್ಲರಿ ಚಾಚಾ. ಒಸಡಿನ ಕ್ರಿಮಿ ಮರೆವಿನ ರೋಗ ಇದ್ದವ್ರ ಮಿದುಳಿನಾಗ ಸಿಕ್ಕದ ಅಂತ ಹೇಳ್ತಾರ, ಅದು ಖರೆ. ಆದ್ರ ಅದರಿಂದನೇ ಮರೆವು ಬಂತೋ, ಇಲ್ಲ ಮರೆವು ಬಂದವ್ರು ಹಲ್ಲು ತಿಕ್ಕೂದೇ ಮರ್ತು ಒಸಡು ಕೆಡಸ್ಕೋತಾರೋ, ಇನ್ನಾ ಪಕ್ಕಾ ಆಗಿಲ್ಲ. ಒಂದ್ ಮಾತ್ರ ಪಕ್ಕಾ. ಒಸಡು ಚಲೋ ಇಟ್ಕೊಂಡ್ರ ನುಕ್ಸಾನ್ ಏನೂ ಇಲ್ಲ."

"ಆ ಕ್ರಿಮಿಗಿ ಹೆಸರದ ಏನು?" ಎಂದು ಅತ್ಯಾ ಮಲಗಿದಲ್ಲಿಂದಲೇ ಕೇಳಿದಳು.

"ಅದ ಅಜ್ಜಿ. ಪಾರ್ಫಿರೋಮೋನಾಸ್ ಜಿಂಜಿವ್ಯಾಲಿಸ್."

ನನಗೆ ಅರ್ಧವೂ ನಿಲ್ಲಲಿಲ್ಲ. ಅತ್ಯಾ ಕಣ್ಣು ಮುಚ್ಚಿ, ಸ್ತೋತ್ರ ಕಲಿಯುವವರಂತೆ ಮೂರು ಸಲ ಹೇಳಿಕೊಂಡಳು. ಮೂರನೇ ಸಲಕ್ಕೆ ಅದಕ್ಕೊಂದು ರಾಗವೂ ಬಂತು. "ವೈರಿ ಹೆಸರು ಗೊತ್ತಿರ್ಬೇಕು" ಎಂದಳು. ಅವತ್ತಿನಿಂದ ಫೋನು ಮಾಡಿದ ಪ್ರತಿಯೊಬ್ಬನಿಗೂ ತಿಥಿಯ ಜೊತೆ ಆ ಹೆಸರೂ ಉಚಿತವಾಗಿ ಸಿಗತೊಡಗಿತು. ಕಾಳಗಿಯ ಕಡೆಯ ಬೀಗರೊಬ್ಬರು ಅದನ್ನು ಯಾವುದೋ ಊರಿನ ದೇವರೆಂದು ತಿಳಿದು ದಾರಿ ಯಾವುದು ಎಂದು ಕೇಳಿದರು.

ಇಂಥ ನೆನಪಿನ ಮನುಷ್ಯಳಿಗೆ ಮರೆವೇ? ಆದರೂ ನನಗೆ ಸಮಾಧಾನವಿಲ್ಲ. ಮರೆವನ್ನು ಹಿಡಿಯಲು ಡಾಕ್ಟರುಗಳು ಮೂರು ಶಬ್ದ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ವಾಪಸು ಕೇಳುತ್ತಾರೆ ಎಂದು ಓದಿದ್ದೆ. ಒಂದು ಸಂಜೆ ಅತ್ಯಾನ ಎದುರು ಪದ್ಮಾಸನ ಹಾಕಿ ಕೂತು, "ಬದನೀಕಾಯಿ, ರೈಲು, ಛತ್ರಿ. ನೆನಪಿಟ್ಕೋ" ಎಂದೆ. ಆಮೇಲೆ ಮಾತು ಬೇರೆ ಕಡೆ ಹೋಯಿತು. ಹೆಂಡತಿ ಚಹಾ ತಂದಳು, ನಾನು ಶಾಲೆಯ ಹೆಡ್‌ಮಾಸ್ಟರರನ್ನು ಬೈದೆ, ಅತ್ಯಾ ನಮ್ಮಪ್ಪನನ್ನು ಬೈದಳು. ಸಮಯವಾಯಿತು.

"ಹಾಂ ಅತ್ಯಾ, ಈಗ ಹೇಳು. ಆ ಮೂರು ಶಬ್ದ ಯಾವ್ಯಾವು?"

"ಮೊದಲ ನೀ ಹೇಳು."

"ಬದನೀಕಾಯಿ. ರೈಲು." ಬಾಯಿ ತೆರೆದು ಕೂತೆ. ಮೂರನೆಯದು ಇಲ್ಲ. ಎಲ್ಲಿಯೂ ಇಲ್ಲ.

"ಛತ್ರಿ" ಎಂದಳು ಅತ್ಯಾ. "ಮಳಿಗಾಲ ಮುಗದದ, ಈಗ ಛತ್ರಿ ಯಾಕ ಅಂತ ನಾ ಆವಾಗ್ಲೇ ಕೇಳ್ಬೇಕಂದಿದ್ದೆ."

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ನಾನು ಆ ರಾತ್ರಿ ಎರಡು ಸಲ ಹಲ್ಲುಜ್ಜಿದೆ.

ಸೋತವನು ಸುಮ್ಮನಿರಬೇಕಿತ್ತು. ನಾನು ಹಾಗಲ್ಲ. ಡಾಕ್ಟರ ಮಾತು ನಡೆಯದಿದ್ದರೆ ಶಾಸ್ತ್ರದವರ ಮಾತು ನಡೆಯಲೇಬೇಕು ಎಂದು ಮಳಖೇಡದ ಕಡೆಯಿಂದ ಆಚಾರ್ರನ್ನು ಕರೆಸಿದೆ. ನಮ್ಮ ಮನೆಯ ಶ್ರಾದ್ಧಗಳನ್ನು ಮಾಡಿಸುವವರು ಅವರೇ. ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಆಚಾರ್ರು ಬಹಳ ಹೊತ್ತು ಕಣ್ಣು ಮುಚ್ಚಿದ್ದರು. ನಿದ್ದೆ ಬಂತೋ ಎಂದು ನನಗೆ ಅನುಮಾನವಾಯಿತು.

"ನೋಡ್ರಿ ಅತ್ಯಾ, ಏಕಾದಶಿ, ಅಮಾಸಿ ಬಿಡ್ರಿ, ಅದು ಎಲ್ಲರಿಗೂ ಅದ. ಆವತ್ತ ಬೇಕಾದ್ರ ಮಾವಿನ ಎಲಿ ತಗೊಂಡು ಹಲ್ಲು ಒರಸ್ಕೋರಿ, ನಡೀತದ. ಆದ್ರ ಶ್ರಾದ್ಧದ್ದು ಯಾರು ಮಾಡ್ತಾರೋ ಅವರಿಗಷ್ಟೇ ನಿಯಮ. ಶಹಾಬಾದದಾಗ ಯಾರೋ ಶ್ರಾದ್ಧ ಮಾಡಿದ್ರ ಸೇಡಂದಾಗ ನಿಮ್ಮ ಹಲ್ಲಿಗಿ ಏನ್ ಸಂಬಂಧ್ರಿ? ನೀವು ದಿನಾ ತಿಕ್ರಿ, ದೋಷ ಇಲ್ಲ."

ನನಗೆ ಎದ್ದು ಕುಣಿಯಬೇಕೆನಿಸಿತು. ಅತ್ಯಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಹಂಗಾದ್ರ ಎಲ್ಲಾನೂ ಬಿಡ್ಲೇನ್ರಿ?" ಎಂದು ಕೇಳಿದಳು.

"ಬಿಡ್ರಿ. ಆರಾಮ ಇರ್ರಿ."

ಆಚಾರ್ರನ್ನು ಬಸ್ಸಿಗೆ ಬಿಡಲು ಹೋದಾಗ ಅವರು ಅತ್ತಿತ್ತ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಕಿವಿಯಲ್ಲಿ ಕೇಳಿದರು. "ಅಲ್ರಿ ಮಾಸ್ತರ್, ರಕ್ತ ಬರೂದು ಬಲಗಡಿ ಅಷ್ಟೇ ಇದ್ರ, ಕ್ರಿಮಿ ಮಿದುಳಿನ ಬಲಗಡಿ ಅಷ್ಟೇ ಹೋಗ್ತದೇನ್ರಿ?" ಅವರನ್ನು ಬಸ್ಸಿಗೆ ಹತ್ತಿಸುವ ಬದಲು ಸೀದಾ ದವಾಖಾನೆಗೆ ಕರೆದುಕೊಂಡು ಹೋದೆ.

ಅಲ್ಲಿಂದ ನಮ್ಮ ಮನೆಯಲ್ಲಿ ಹಲ್ಲಿನ ರಾಜ್ಯಭಾರ. ಅತ್ಯಾ ದವಾಖಾನೆಯಲ್ಲಿ ಹಲ್ಲು ಶುದ್ಧ ಮಾಡಿಸಿಕೊಂಡಳು. ಆ ಯಂತ್ರದಲ್ಲಿ ಬರುವ ನೀರು ಯಾವ ಬಾವಿಯದು ಎಂದು ಕೇಳಿದ್ದು ಬಿಟ್ಟರೆ ಬೇರೆ ತಕರಾರು ಮಾಡಲಿಲ್ಲ. ಬೆಳಿಗ್ಗೆ ನಾನು ಹಿತ್ತಲಲ್ಲಿ ನಿಂತು, "ಅತ್ಯಾ, ತಿಕ್ಕು" ಎಂದು ಒದರುತ್ತಿದ್ದೆ. ರಾತ್ರಿ ಊಟವಾದ ಮೇಲೆ ಮತ್ತೆ ಒದರುತ್ತಿದ್ದೆ. ಪಕ್ಕದ ಮನೆಯ ಬಟ್ಟೆ ಅಂಗಡಿಯವರು, "ಮಾಸ್ತರ್, ನಿಮ್ಮ ಆವಾಜಿಗಿ ನಮ್ಮನ್ಯಾಗೂ ಎಲ್ಲಾರೂ ತಿಕ್ಕಾಕತ್ತಾರ" ಎಂದು ಗೋಡೆಯಾಚೆಯಿಂದ ಹೇಳುತ್ತಿದ್ದರು. ಅತ್ಯಾನ ಒಸಡು ಬಿಗಿಯಾಯಿತು, ಊತ ಇಳಿಯಿತು. ನಾನು ತಮ್ಮನ ಗುಂಪಿಗೆ ಒಂದು ಮೆಸೇಜು ಹಾಕಿದೆ, ಕೆಳಗೆ ಎರಡು ಕೈಮುಗಿದ ಚಿತ್ರ.

ಮಾಘ ಮಾಸದಲ್ಲಿ ಒಂದು ಮಧ್ಯಾಹ್ನ ಚಿಂಚೋಳಿಯಿಂದ ಫೋನು ಬಂತು. ಅತ್ಯಾನ ಮೈದುನನ ಮಗ. ಚಂದ್ರಂಪಳ್ಳಿಯ ಕೆರೆಯ ಕೆಳಗೆ ಹೊಲ ಮಾಡುವವನು, ವರ್ಷಕ್ಕೊಮ್ಮೆ ಮಾತ್ರ ಫೋನು ಮಾಡುವವನು. ಈ ವರ್ಷ ತಪ್ಪಿಹೋದ ಅಜ್ಜನ ಶ್ರಾದ್ಧ ಯಾವ ತಿಥಿಗಿತ್ತು ಎಂದು ಕೇಳಿದ. ಅತ್ಯಾ ಬಾಯಿ ತೆರೆದಳು. ಬೈಗುಳ ಬರುತ್ತದೆಂದು ನಾನು ಕಾದೆ. ಬೈಗುಳ ಬರಲಿಲ್ಲ, ತಿಥಿಯೂ ಬರಲಿಲ್ಲ.

"ಆಮ್ಯಾಲ ಹೇಳ್ತೀನಪಾ" ಎಂದು ಫೋನು ನನ್ನ ಕೈಗೆ ಕೊಟ್ಟಳು.

ಅಜ್ಜ ಎಂದರೆ ಯಾರು? ಅವಳ ಮಾವ. ಪಂಖಾದ ಕೆಳಗೆ ನಿಂತು ನೋಡು ಎಂದು ಡಾಕ್ಟರನ್ನು ದೂರ ನಿಲ್ಲಿಸಿದ್ದು ಅವರದೇ ತಿಥಿಗಾಗಿ. ಕ್ರಿಮಿ ಹೊಕ್ಕೇಬಿಟ್ಟಿತು, ನಾನು ತಡ ಮಾಡಿದೆ ಎಂದು ಚಪ್ಪಲಿಯಿಲ್ಲದೆ ಪಕ್ಕದ ಮನೆಗೆ ಓಡಿ, ಊಟಕ್ಕೆ ಬಂದಿದ್ದ ಡಾಕ್ಟರನ್ನು ಎಬ್ಬಿಸಿಕೊಂಡು ಬಂದೆ. ಅವಳು ಎಂಜಲು ಕೈ ತೊಳೆದು ಬಂದು ಅತ್ಯಾನ ಬಾಯಿ ನೋಡಿದಳು.

"ಒಸಡು ಮಸ್ತ್ ಅವರಿ ಅಜ್ಜಿ. ನನ್ನ ಒಸಡಿಗಿಂತ ಚಲೋ ಅವ."

"ಮತ್ತ ಮರೀತಾಳಲ್ಲ!" ಎಂದು ನಾನು ರೇಗಿದೆ. "ದಿನಾ ಎರಡ್ ಹೊತ್ತು ತಿಕ್ಕಿ ಮರೀತಾಳಲ್ಲ!"

"ತಿಕ್ಕೂದ್ರಿಂದನೇ ಮರ್ತೆ" ಎಂದಳು ಅತ್ಯಾ.

ನಾವಿಬ್ಬರೂ ಅವಳ ಮುಖ ನೋಡಿದೆವು. ಅವಳು ನಿಧಾನವಾಗಿ, ಸಣ್ಣ ಹುಡುಗರಿಗೆ ಹೇಳುವಂತೆ ಹೇಳಿದಳು. "ಮುಂಜಾನಿ ಎದ್ದು ಬ್ರಶ್ಶಿಗಿ ಕೈ ಹಾಕ್ತಿದ್ದೆ. ಇವತ್ತ ಯಾರ್ದು ಅಂತ ಒಂದ್ ಸಲ ನೋಡ್ಕೋತಿದ್ದೆ. ಯಾರ್ದರ ಇದ್ರ ಕೈ ಹಿಂದ ತಗೋತಿದ್ದೆ. ಆಮ್ಯಾಲ ದಿನಪೂರ್ತಿ ಬಾಯಿ ಒಂಥರಾ ಇರ್ತಿತ್ತು, ದಿನಪೂರ್ತಿ ಅವರದೇ ನೆನಪು. ನನಗ ಯಾವ ಪುಸ್ತಕ ಇತ್ತೋ? ಇದೇ ಪುಸ್ತಕ. ಈಗ ದಿನಾ ತಿಕ್ಕಂತಿ, ತಿಕ್ತೀನಿ. ಯಾರ್ದು ಅಂತ ಕೇಳ್ಕೊಳ್ಳೂದೇ ಬಿಟ್ಟುಹೋತು."

ಡಾಕ್ಟರು ಕೆಳಗೆ, ಅವಳ ಕಾಲ ಹತ್ತಿರ ಕೂತಳು. "ಹೋಗ್ಲಿ ಬಿಡು ಅತ್ಯಾ, ಅವರವರ ತಿಥಿ ಅವರವರು ನೆನಪಿಟ್ಕೋತಾರ" ಎಂದೆ.

"ಅವರವರು ಇದ್ದವ್ರಿಗಿ ಆತು" ಎಂದಳು. "ಮೊನ್ನಿ ಪಂಚಮಿ ಇತ್ತು. ಮಾಘ ವದ್ಯ ಪಂಚಮಿ. ನಮ್ಮ ಕೂಸಿಂದು. ನಾ ಗರಗರಾ ಅಂತ ತಿಕ್ಕಿಬಿಟ್ಟೆ."

ಯಾವ ಕೂಸು? ಅತ್ಯಾಗೆ ಮಕ್ಕಳಿರಲಿಲ್ಲ ಎಂದೇ ನಾನು ಹುಟ್ಟಿದಾಗಿನಿಂದ ತಿಳಿದದ್ದು. ಚಿಂಚೋಳಿಯಲ್ಲಿದ್ದಾಗ ಹುಟ್ಟಿತ್ತಂತೆ, ಹೆಣ್ಣು. ನಾಲ್ಕೈದು ತಿಂಗಳು ಇತ್ತಂತೆ. ಹಲ್ಲು ಹುಟ್ಟುವುದಕ್ಕಿಂತ ಮೊದಲು ಹೋದ ಕೂಸಿಗೆ ಶ್ರಾದ್ಧವಿಲ್ಲ, ತಿಥಿಯಿಲ್ಲ, ಎಡೆಯಿಲ್ಲ, ಸ್ನಾನ ಮಾಡಿ ಮರೆತುಬಿಡಬೇಕು ಎಂದು ಹಿರಿಯರು ಹೇಳಿದ್ದರಂತೆ. ಅವಳು ಸ್ನಾನ ಮಾಡಿದಳು. ಮರೆಯಲಿಲ್ಲ. ಯಾರನ್ನೂ ಕೇಳದೆ ವರ್ಷಕ್ಕೊಂದು ದಿನ ಹಲ್ಲುಜ್ಜುವುದು ಬಿಟ್ಟಳು. ಒಂದೇ ದಿನ ಬಿಟ್ಟರೆ ಅತ್ತೆಯ ಮನೆಯವರು ಯಾಕೆ ಎಂದು ಕೇಳುತ್ತಾರಲ್ಲ, ಅದಕ್ಕೆ ಎಲ್ಲರ ದಿನವೂ ಬಿಡತೊಡಗಿದಳು.

"ಬರೇ ಒಸಡಿಲೆ ನಗ್ತಿತ್ತು" ಎಂದಳು ಅತ್ಯಾ, ಡಾಕ್ಟರ ಗಲ್ಲ ಮುಟ್ಟಿ. "ಭಾಳ ನಗ್ತಿತ್ತು."

ನನಗೆ ಸಿಟ್ಟು ಬಂದಿತ್ತೋ ಏನೋ, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಡಾಕ್ಟರು ಮೂಗು ಒರೆಸಿಕೊಂಡು, "ಒಂದ್ ದಿನದಾಗ ಏನೂ ಆಗಂಗಿಲ್ಲರಿ ಅಜ್ಜಿ. ಕೂಸಿನ ದಿನ ತಿಕ್ಕಬ್ಯಾಡ್ರಿ. ನಾ ಹೇಳ್ತೀನಿ, ಡಾಕ್ಟರ್ ಹೇಳ್ತೀನಿ" ಎಂದಳು. ಉಳಿದವರಿಗೆ ಅವಳೇ ಒಂದು ದಾರಿ ಹೇಳಿಕೊಟ್ಟಳು. ಮುಂಜಾನೆ ಬ್ರಶ್ಶು ಹಿಡಿದು, ಇವತ್ತು ಯಾರದು ಎಂದು ಗಟ್ಟಿಯಾಗಿ ಹೇಳುವುದು, ಆಮೇಲೆ ಉಜ್ಜುವುದು.

ಅದರ ಮೇಲೆ ನಮ್ಮ ಹಿತ್ತಲಲ್ಲಿ ದಿನಾ ಬೆಳಿಗ್ಗೆ ಹೊಸ ನಾಟಕ. ಅತ್ಯಾ ಬ್ರಶ್ಶನ್ನು ಎತ್ತಿ ಹಿಡಿದು, "ಇವತ್ತ ವಾಡಿ ಮಾಮಂದು!" ಎಂದು ಸಾರಿ, ವಾಡಿ ಮಾಮನ ಎರಡು ಚಾಡಿ ಹೇಳಿ, ಹಲ್ಲುಜ್ಜುತ್ತಿದ್ದಳು. ಗೋಡೆಯಾಚೆಯಿಂದ ಬಟ್ಟೆ ಅಂಗಡಿಯವರು, "ಇವತ್ತ ಯಾರೂ ಇಲ್ಲೇನ್ರಿ ಅಮ್ಮಾ?" ಎಂದು ಕೇಳಿದ ದಿನಗಳೂ ಉಂಟು. ಸತ್ತವರ ಸಾಲ ಬಾಕಿ, ಜಗಳ, ಕದ್ದು ತಿಂದ ಹೋಳಿಗೆ, ಎಲ್ಲವೂ ಬೀದಿಗೆ ಬಂತು. ನಮ್ಮ ಬಳಗದ ಹಿರಿಯರ ಬಗ್ಗೆ ನಾನು ಇಟ್ಟುಕೊಂಡಿದ್ದ ಗೌರವ ಆ ವರ್ಷ ಪೂರ್ತಿ ನೀರುಪಾಲಾಯಿತು.

ಮಳೆಗಾಲದ ಹೊತ್ತಿಗೆ, ವರ್ಷಕ್ಕೊಂದೇ ತಿಥಿಯ ವಾಡಿ ಮಾಮ ಅತ್ಯಾನ ಬಾಯಲ್ಲಿ ಎರಡನೇ ಸಲ ಬಂದ. ನಾವು ನಕ್ಕೆವು, ಅತ್ಯಾನೂ ನಕ್ಕಳು. ದಸರೆಯ ಹೊತ್ತಿಗೆ ಅವನು ಮೂರನೇ ಸಲ ಬಂದಾಗ ಯಾರೂ ನಗಲಿಲ್ಲ. ಫೋನು ಬಂದರೆ ನಾನೇ ಎತ್ತಿ, ಅತ್ಯಾ ಮಲಗಿದ್ದಾಳೆ, ಸಂಜೆ ಹೇಳುತ್ತಾಳೆ ಎನ್ನತೊಡಗಿದೆ. ಅವಳಿಗೆ ಚೆನ್ನಾಗಿರುವ ಹೊತ್ತು ನೋಡಿ ಕೇಳಿ, ಸಂಜೆ ಅವಳ ಕೈಯಿಂದಲೇ ಫೋನು ಮಾಡಿಸುತ್ತಿದ್ದೆ. ತಿಥಿ ಕೇಳಿದವನು ಬೈಸಿಕೊಳ್ಳುತ್ತಿದ್ದ, ಅವಳು ಕಾಲು ಚಾಚಿ ಕೂರುತ್ತಿದ್ದಳು. ಇದು ಹಳೆಯ ಕ್ರಿಮಿಯ ಕೆಲಸವೋ, ವಯಸ್ಸಿನದೋ ಎಂದು ಡಾಕ್ಟರನ್ನು ಕೇಳಿದೆ. "ಅದು ಹೇಳಾಕ ಬರಂಗಿಲ್ಲರಿ ಚಾಚಾ" ಎಂದಳು. ಆ ಕ್ರಿಮಿಯ ಹೆಸರನ್ನು ಅತ್ಯಾ ಈಗಲೂ ತಪ್ಪಿಲ್ಲದೆ, ರಾಗವಾಗಿ ಹೇಳುತ್ತಾಳೆ. ಅದಕ್ಕೆ ಮಾತ್ರ ನನಗೆ ಮೈಯೆಲ್ಲ ಉರಿಯುತ್ತದೆ.

ಮತ್ತೆ ಮಾಘ ಬಂತು. ಹುಣ್ಣಿಮೆ ಕಳೆದ ಐದನೇ ದಿನ, ವದ್ಯ ಪಂಚಮಿಯ ಮುಂಜಾನೆ ನಾನು ಹಿತ್ತಲಲ್ಲಿ ಬಾಯಿ ತುಂಬ ನೊರೆ ಮಾಡಿಕೊಂಡು ನಿಂತಿದ್ದೆ. ಅತ್ಯಾ ಬಂದಳು. ಬ್ರಶ್ಶಿಗೆ ಪೇಸ್ಟು ಹಚ್ಚಿದಳು. ಎತ್ತಿ ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, "ಇವತ್ತ ಯಾರೂ ಇಲ್ಲ" ಎಂದು ಬಾಯಿಗೆ ಒಯ್ದಳು.

ನಾನು ಅವಳ ಕೈ ಹಿಡಿದೆ.

"ದಿನಾ ತಿಕ್ಕು ತಿಕ್ಕು ಅಂತ ಒದರಾಂವ ನೀನೇ. ಇವತ್ತ ಯಾಕ ಕಸಗೊಳ್ಳಾಕತ್ತಿ?"

"ಇವತ್ತ ಪಂಚಮಿ ಅತ್ಯಾ."

"ಯಾರ್ದೋ?"

ಅವಳು ನಿಜವಾಗಿ ಕೇಳಿದ್ದಳು. "ನಮ್ಮ ಕೂಸಿಂದು" ಎಂದೆ. ನೊರೆಯಲ್ಲಿ ಸರಿಯಾಗಿ ಕೇಳಿಸಿತೋ ಇಲ್ಲವೋ, ಅವಳು ನನ್ನನ್ನೇ ನೋಡುತ್ತ ನಿಂತಳು. ಆಮೇಲೆ ಬ್ರಶ್ಶನ್ನು ಕಟ್ಟೆಯ ಮೇಲೆ ಇಟ್ಟಳು. ಇಟ್ಟವಳೇ ನನ್ನ ಮೇಲೆ ಹರಿಹಾಯ್ದಳು. "ಮನಿ ಕೂಸಿಂದು ಅಂತ ಗೊತ್ತಿದ್ದೂ ನೀ ತಿಕ್ಕಾಕತ್ತಿಯಲ್ಲೋ! ನಾಚಿಕಿ ಇಲ್ಲ? ಉಗುಳು. ಹನ್ನೆರಡ್ ಸಲ ಬಾಯಿ ಮುಕ್ಕಳಿಸು, ನಾ ಎಣಸ್ತೀನಿ."

ಉಗುಳಿದೆ. ಅವಳು ತಂಬಿಗೆಯಿಂದ ನನ್ನ ಬೊಗಸೆಗೆ ನೀರು ಹಾಕುತ್ತ ಎಣಿಸಿದಳು. ಏಳರವರೆಗೆ ಸರಿಯಾಗಿ ಬಂತು. ಏಳಾದ ಮೇಲೆ ಐದು ಎಂದಳು, ಆಮೇಲೆ ಆರು, ಆಮೇಲೆ ಮತ್ತೆ ಐದು. ನಾನು ತಿದ್ದಲಿಲ್ಲ. ಅವಳು ಹನ್ನೆರಡು ಎನ್ನುವವರೆಗೂ ಬೊಗಸೆ ಒಡ್ಡಿ ನಿಂತಿದ್ದೆ.